ತುಂಡು ಬಟ್ಟೆಯ ಕೌದಿಗೆ ಕಾಲು ಇಂಚಿನ ಲೆಕ್ಕ

(ರೈತ ಮಹಿಳೆಯರಿಗೂ ವಿಸ್ತರಣಾ ಕಾರ್ಯಕರ್ತರಿಗೂ ಏರ್ಪಡಿಸಿದ್ದ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರ ಕಲಿಸುವ ನಾನು ಬಿತ್ತನೆಯ ವಿಷಯವನ್ನೋ ಗೊಬ್ಬರದ ವಿಷಯವನ್ನೋ ಹೇಳುವೆನೆಂದು ತಾವು ಎಣಿಸಿರಬಹುದು. ಆದರೆ ಇಂದು ನಾನು ಹೇಳಬೇಕೆಂದಿರುವುದು ಹೊಲಿಗೆಯ ವಿಷಯ. ತುಂಡು ಬಟ್ಟೆಗಳನ್ನು ಕೂಡಿಸಿ ಚೌಕ ಮಾಡಿ, ಆ ಚೌಕಗಳನ್ನು ಜೋಡಿಸಿ ಕೌದಿ ಮಾಡುವಾಗ ಹೊಲಿಗೆಗೆಂದು ಬಿಡುವ ಅಂಚು ಎಲ್ಲ ಕಡೆಯೂ ಒಂದೇ ಸಮ ಇರಬೇಕು. ಇದು ಸಣ್ಣ ಮಾತಿನಂತೆ ತೋರುತ್ತದೆ. ಇದರಿಂದ ಒಂದು ಊರಿನ ಆರು ಜನ ಹೆಣ್ಣುಮಕ್ಕಳು ಅನುಭವಿಸಿದ ನಷ್ಟವನ್ನು ಕಣ್ಣಾರೆ ಕಂಡ ಮೇಲೆ ಇದನ್ನು ಹೇಳಲೇಬೇಕೆನಿಸಿತು.

ಹಿಂಗಾರಿ ಜೋಳದ ಪ್ರಾತ್ಯಕ್ಷಿಕೆ ನೋಡಲು ನಾನು ಆ ಊರಿಗೆ ಹೋಗಿದ್ದೆ. ಹೊಲದಿಂದ ಮರಳುವಾಗ ಶಾಲೆಯ ಜಗಲಿಯ ಮೇಲೆ ಮಹಿಳಾ ಸಂಘದವರು ಬಟ್ಟೆಯ ಚೌಕಗಳನ್ನು ಹರಡಿಕೊಂಡು ಕುಳಿತಿದ್ದರು. ಪಟ್ಟಣದ ವ್ಯಾಪಾರಿಯೊಬ್ಬರು 20 ಚೌಕಗಳ ಒಂದು ಕೌದಿಗೆ ಬೇಡಿಕೆ ಕೊಟ್ಟಿದ್ದರು. 10 ಚೌಕಗಳು ಒಂಬತ್ತು ತುಂಡಿನವು, 10 ಚೌಕಗಳು ಆರು ಪಟ್ಟಿಯವು. ಆರು ಜನ ತಮ್ಮ ತಮ್ಮ ಮನೆಯಲ್ಲಿ ಹೊಲಿದು ತಂದಿದ್ದರು. ಈಗ ಜೋಡಿಸಲು ನೋಡಿದರೆ ಒಂದಕ್ಕೊಂದು ಕೂಡುತ್ತಿರಲಿಲ್ಲ. ಒಬ್ಬ ವಯಸ್ಸಾದ ತಾಯಿ ಹೊಲಿದ ನಾಲ್ಕು ಚೌಕಗಳು ಉಳಿದೆಲ್ಲವುಗಳಿಗಿಂತ ದೊಡ್ಡವಾಗಿದ್ದವು.

“ಅಕ್ಕಾರ, ಈಕಿವು ನಾಕೂ ದೊಡ್ಡವು ಆಗ್ಯಾವು ನೋಡ್ರಿ. ಇಕಿ ಒಬ್ಬಾಕಿ ಸಲುವಾಗಿ ಎಲ್ಲಾ ಕೆಟ್ಟೈತಿ” ಎಂದು ಸಂಘದವರು ನನಗೆ ತೋರಿಸಿದರು. ಆ ತಾಯಿ, “ನಾ ಗೆರಿ ಬಿಟ್ಟು ಹೊಲದಿಲ್ರೀ” ಎಂದಷ್ಟೇ ಹೇಳಿ ಸುಮ್ಮನಾದರು.

ನನ್ನ ಚೀಲದಲ್ಲಿ ಉಕ್ಕಿನ ಅಳತೆಪಟ್ಟಿ ಇತ್ತು. ಅಳೆದು ನೋಡಿದೆವು. ಚೌಕವು ಜೋಡಿಸುವ ಮೊದಲು 12½ ಇಂಚು ಇರಬೇಕಾಗಿತ್ತು. ಆ ತಾಯಿಯ ನಾಲ್ಕೂ ಚೌಕಗಳು 12½ ಇಂಚು ಇದ್ದವು. ಉಳಿದವರ ಒಂಬತ್ತು ತುಂಡಿನ ಚೌಕಗಳು 12¼ ಇಂಚು, ಆರು ಪಟ್ಟಿಯ ಚೌಕಗಳು ಅಗಲದಲ್ಲಿ 12 ಇಂಚಿಗೂ ಕಡಿಮೆ. ಸರಿಯಾಗಿ ಹೊಲಿದವರು ಒಬ್ಬರೇ. ಒಬ್ಬರೇ ಆದುದರಿಂದ ತಪ್ಪೆಲ್ಲ ಅವರದೆಂದು ತೀರ್ಮಾನವಾಗಿತ್ತು.

ಉಳಿದ 16 ಚೌಕಗಳನ್ನೂ ಬಿಚ್ಚಿ ಹೊಲಿಯಬೇಕಾಯಿತು. ನಾನು ಕುಳಿತು ಲೆಕ್ಕ ಹಾಕಿದೆ: ಬಿಚ್ಚಬೇಕಾದ ಹೊಲಿಗೆಯ ಉದ್ದ ಸುಮಾರು 76 ಅಡಿ. ಬಿಚ್ಚುವಾಗ ಕೆಲವು ತುಂಡುಗಳ ಅಂಚು ಎಳೆ ಬಿಟ್ಟು ಕೆಟ್ಟವು. ಒಪ್ಪಿದ ದಿನಕ್ಕೆ ಮಾಲು ಮುಟ್ಟಲಿಲ್ಲ. ವ್ಯಾಪಾರಿ ಬೆಲೆ ಇಳಿಸಿಯೇ ತೆಗೆದುಕೊಂಡರು. ಆರು ಜನರ ಕೂಲಿಯಲ್ಲಿ ಆ ಹಣ ಕಡಿಮೆಯಾಯಿತು.

ಹಳೆಯ ಕೌದಿಗೆ ಈ ತೊಂದರೆ ಏಕಿಲ್ಲ?

ನಮ್ಮ ತಾಯಂದಿರು ಅಳತೆಪಟ್ಟಿ ಹಿಡಿದು ಕೌದಿ ಹೊಲಿದವರಲ್ಲ. ಆದರೂ ಅವರ ಕೌದಿಗಳು ತಲೆಮಾರು ಬಾಳಿವೆ. ಇದಕ್ಕೆ ಕಾರಣವುಂಟು. ಆ ಕೌದಿಯಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಚಿಂದಿಗಳನ್ನಿಟ್ಟು, ಅವುಗಳ ಅಂಚನ್ನು ಒಳಕ್ಕೆ ಮಡಿಚಿ, ಎಲ್ಲ ಪದರಗಳನ್ನೂ ಹಿಡಿಯುವಂತೆ ಕೈಹೊಲಿಗೆ ಹಾಕುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಒಂದು ಮೂಲೆಯಿಂದ ಆರಂಭಿಸಿ ಸುತ್ತಲೂ ಹೊಲಿಯುತ್ತ ನಡುವಿಗೆ ಬರುತ್ತಾರೆ. ಇಂತಹ ಕೆಲಸದಲ್ಲಿ ತುಂಡು ಚಿಕ್ಕದಾದರೆ ಪಕ್ಕದ ತುಂಡನ್ನು ಸ್ವಲ್ಪ ಸರಿಸಿ ಇಡಬಹುದು. ತಪ್ಪು ಹುಟ್ಟಿದಲ್ಲಿಯೇ ಸರಿಹೋಗುತ್ತದೆ, ಮುಂದಕ್ಕೆ ಸಾಗುವುದಿಲ್ಲ.

ಚೌಕದ ಕೌದಿ ಬೇರೆ ಜಾತಿಯದು. ಅಮೆರಿಕ ದೇಶದಲ್ಲಿ 19ನೆಯ ಶತಮಾನದಲ್ಲಿ ಇದು ಬಹಳ ಬಳಕೆಗೆ ಬಂದಿತು. ಒಂದು ಚೌಕವನ್ನು ತೊಡೆಯ ಮೇಲಿಟ್ಟುಕೊಂಡು ಬಿಡುವಿನಲ್ಲಿ ಹೊಲಿಯಬಹುದು. ಸಾಕಷ್ಟು ಚೌಕಗಳಾದ ಮೇಲೆ ಕೂಡಿಸಬಹುದು. ಅಲ್ಲಿ ಆರು ಪಟ್ಟಿಯಂತಹ ಚೌಕಕ್ಕೆ ಹೊಲದ ಮರದ ಬೇಲಿಯ ಹೆಸರನ್ನೇ ಇಟ್ಟಿದ್ದಾರೆ. ಆ ದೇಶದಲ್ಲಿ 1914ರ ಕಾಯಿದೆಯಿಂದ ಬೆಳೆದ ಕೃಷಿ ವಿಸ್ತರಣಾ ಸೇವೆಯು ಬೇಸಾಯದ ಜೊತೆಗೆ ರೈತರ ಮನೆವಾರ್ತೆಯ ಕೆಲಸಗಳನ್ನೂ ಕಲಿಸಿತು. ಬೆಂಗಳೂರಿನಲ್ಲಿ 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅನುಸರಿಸಿದ್ದು ಆ ದೇಶದ ಕೃಷಿ ವಿಶ್ವವಿದ್ಯಾನಿಲಯಗಳ ಮಾದರಿಯನ್ನೇ. ಆದುದರಿಂದ ವಿಸ್ತರಣಾ ವೇದಿಕೆಯಲ್ಲಿ ಹೊಲಿಗೆಯ ಮಾತು ಹೊಸದೇನಲ್ಲ.

ಮನೆಗೆಂದು ಒಬ್ಬರೇ ಕುಳಿತು ಹೊಲಿಯುವ ಕೌದಿಗೆ ಹಳೆಯ ಕ್ರಮವೇ ಸಾಕು. ಹಲವರು ಹಲವು ಮನೆಗಳಲ್ಲಿ ಹೊಲಿದು ಕೊನೆಗೆ ಜೋಡಿಸುವುದಾದರೆ ಅಳತೆ ಬೇಕೇ ಬೇಕು.

ತಪ್ಪು ಬೆಳೆಯುವ ಬಗೆ

ಎರಡು ತುಂಡುಗಳನ್ನು ಕೂಡಿಸಿ ಹೊಲಿಯುವಾಗ ಬಟ್ಟೆಯ ಅಂಚಿಗೂ ಹೊಲಿಗೆಯ ಗೆರೆಗೂ ನಡುವೆ ಸ್ವಲ್ಪ ಬಟ್ಟೆ ಬಿಡುತ್ತೇವೆ. ದರ್ಜಿಗಳು ಇದನ್ನು ಮಾರ್ಜಿನ್ ಎನ್ನುತ್ತಾರೆ. ನಾವು ಹೊಲಿಗೆಯಂಚು ಎನ್ನೋಣ. ಚೌಕದ ಕೌದಿಗೆ ಇದು ಕಾಲು ಇಂಚು, ಅಂದರೆ 6 ಮಿಲಿಮೀಟರಿಗಿಂತ ತುಸು ಹೆಚ್ಚು. ಹೊಲಿದ ಮೇಲೆ 4 ಇಂಚು ಕಾಣಬೇಕಾದ ತುಂಡಿಗೆ ಎರಡೂ ಕಡೆ ಕಾಲು ಇಂಚು ಸೇರಿಸಿ 4½ ಇಂಚು ಕತ್ತರಿಸಬೇಕು. ಇಂತಹ ಒಂಬತ್ತು ತುಂಡುಗಳನ್ನು ಮೂರು ಸಾಲಿನಲ್ಲಿ ಹೊಲಿದರೆ 12½ ಇಂಚಿನ ಚೌಕವಾಗುತ್ತದೆ. ಕೌದಿಯಲ್ಲಿ ಸೇರಿಸಿದ ಮೇಲೆ 12 ಇಂಚು ಕಾಣುತ್ತದೆ.

ಹೊಲಿಗೆಯು ಗೆರೆಗಿಂತ 1/16 ಇಂಚು ಒಳಗೆ ಬಿದ್ದಿತೆನ್ನಿ. ಇದು ಒಂದೂವರೆ ಮಿಲಿಮೀಟರಿನ ಮಾತು. ಒಂದು ಸಾಸಿವೆ ಕಾಳಿನಷ್ಟು. ಆದರೆ ಪ್ರತಿ ಹೊಲಿಗೆಯೂ ಎಡಗಡೆಯ ತುಂಡಿನಿಂದ ಒಂದು ಸಾಸಿವೆ, ಬಲಗಡೆಯ ತುಂಡಿನಿಂದ ಒಂದು ಸಾಸಿವೆ ತಿನ್ನುತ್ತದೆ. ಒಂದು ಹೊಲಿಗೆಗೆ 1/8 ಇಂಚು ಹೋಯಿತು. ಒಂಬತ್ತು ತುಂಡಿನ ಚೌಕದಲ್ಲಿ ಅಡ್ಡಕ್ಕೆ ಎರಡು ಹೊಲಿಗೆ: ಕಾಲು ಇಂಚು ಕೊರತೆ. ಆರು ಪಟ್ಟಿಯ ಚೌಕದಲ್ಲಿ ಐದು ಹೊಲಿಗೆ: 5/8 ಇಂಚು ಕೊರತೆ. ಅದೂ ಅಗಲದಲ್ಲಿ ಮಾತ್ರ. ಪಟ್ಟಿಯ ಉದ್ದ ಇದ್ದಷ್ಟೇ ಇರುವುದರಿಂದ ಚೌಕವು ಚೌಕವಾಗಿ ಉಳಿಯುವುದೇ ಇಲ್ಲ.

“ಎಲ್ಲರೂ ಒಂದೇ ತಪ್ಪು ಮಾಡಿದರೆ ಸರಿಹೋಗುತ್ತದೆ” ಎಂದು ಕೆಲವರು ಹೇಳುವುದುಂಟು. ಎಲ್ಲ ಚೌಕಗಳಲ್ಲೂ ಹೊಲಿಗೆಗಳ ಸಂಖ್ಯೆ ಒಂದೇ ಇದ್ದರೆ ಈ ಮಾತು ನಿಜ. ಕೌದಿ ಸ್ವಲ್ಪ ಚಿಕ್ಕದಾಗುತ್ತದೆ, ಅಷ್ಟೆ. ಹೊಲಿಗೆಗಳ ಸಂಖ್ಯೆ ಬೇರೆ ಬೇರೆ ಇರುವ ಚೌಕಗಳನ್ನು ಬೆರೆಸಿದಾಗ ಅದೇ ತಪ್ಪು ಒಂದೊಂದರಲ್ಲಿ ಒಂದೊಂದು ಪ್ರಮಾಣದಲ್ಲಿ ಬೆಳೆಯುತ್ತದೆ. ಆ ಊರಿನಲ್ಲಿ ಆದದ್ದು ಇದೇ. ಕೂರಿಗೆಯ ತಾಳುಗಳ ನಡುವಿನ ಅಂತರ ಒಂದು ಬೆರಳು ತಪ್ಪಿದರೆ ಮೊದಲ ಸಾಲಿನಲ್ಲಿ ಕಾಣುವುದಿಲ್ಲ. ಎಡೆ ಹೊಡೆಯುವಾಗ ಕುಂಟೆ ಬೆಳೆಯ ಮೇಲೆಯೇ ಹಾಯುತ್ತದೆ. ಹೊಲಿಗೆಯಲ್ಲೂ ತಪ್ಪು ಹುಟ್ಟುವ ಜಾಗ ಒಂದು, ಕಾಣುವ ಜಾಗ ಇನ್ನೊಂದು.

ಕತ್ತರಿಸುವಾಗ

ಕತ್ತರಿಸಿದ ತುಂಡೇ ತಪ್ಪಿದ್ದರೆ ಹೊಲಿಗೆ ಎಷ್ಟು ನೇರವಾಗಿದ್ದರೂ ಪ್ರಯೋಜನವಿಲ್ಲ. ಆದುದರಿಂದ ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಹೊಸ ಬಟ್ಟೆಯನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿದ ನಂತರವೇ ಕತ್ತರಿಸಬೇಕು. ಹಳೆಯ ಸೀರೆ ಕುಗ್ಗಿ ಮುಗಿದಿರುತ್ತದೆ. ಹೊಸ ಹತ್ತಿ ಬಟ್ಟೆ ಇನ್ನೂ ಕುಗ್ಗಬೇಕಾಗಿರುತ್ತದೆ. ಎರಡನ್ನೂ ಹಾಗೆಯೇ ಕೂಡಿಸಿದರೆ ಮೊದಲ ಒಗೆತದಲ್ಲೇ ಕೌದಿ ಸುಕ್ಕಾಗುತ್ತದೆ. ಬಣ್ಣ ಬಿಡುವ ಬಟ್ಟೆಯೂ ಒಗೆದಾಗ ಗೊತ್ತಾಗುತ್ತದೆ.

2. ಹಾಸು, ಹೊಕ್ಕು ಎಳೆಗಳ ನೇರಕ್ಕೆ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ ಅಂಚು ಕೈಯಲ್ಲೇ ಹಿಗ್ಗುತ್ತದೆ.

3. ದರ್ಜಿಗಳ ಹಳೆಯ ಬಟ್ಟೆಯ ಟೇಪು ಜಗ್ಗಿ ಜಗ್ಗಿ ಉದ್ದವಾಗಿರುತ್ತದೆ. ಅದನ್ನು ನಂಬಬಾರದು. ಉಕ್ಕಿನ ಅಥವಾ ಮರದ ಅಳತೆಪಟ್ಟಿ ಉಪಯೋಗಿಸಬೇಕು. ಇಡೀ ಸಂಘಕ್ಕೆ ಒಂದೇ ಅಳತೆಪಟ್ಟಿ ಇದ್ದರೆ ಇನ್ನೂ ಉತ್ತಮ.

4. ರಟ್ಟಿನ ಮಾದರಿ ಇಟ್ಟು ಗೆರೆ ಎಳೆಯುತ್ತ ಹೋದರೆ ಅದರ ಅಂಚು ಸವೆಯುತ್ತದೆ. ತಗಡಿನ ಮಾದರಿ ಒಳ್ಳೆಯದು. ಪೆನ್ಸಿಲ್ ಚೂಪಾಗಿರಲಿ. ಗೆರೆಯು ಮಾದರಿಯ ಹೊರಗೆ ಬೀಳುವುದರಿಂದ ಗೆರೆಯ ಒಳಗಡೆ ಕತ್ತರಿಸಬೇಕು.

5. ಕತ್ತರಿಯಿಂದ ಕತ್ತರಿಸುವಾಗ ಒಮ್ಮೆಗೆ ಎರಡು ಪದರಕ್ಕಿಂತ ಹೆಚ್ಚು ಬೇಡ. ಹೆಚ್ಚು ಪದರಗಳಿದ್ದರೆ ಕೆಳಗಿನವು ಜಾರುತ್ತವೆ.

ಯಂತ್ರಕ್ಕೆ ಗುರುತು ಕಟ್ಟುವ ಕ್ರಮ

ಬಟ್ಟೆಯನ್ನು ಒತ್ತಿ ಹಿಡಿಯುವ ಪಾದದ ಅಂಚಿಗೆ ಬಟ್ಟೆಯ ಅಂಚನ್ನು ಹೊಂದಿಸಿ ಹೊಲಿಯುವುದು ನಮ್ಮಲ್ಲಿ ರೂಢಿ. ಆ ಅಂಚು ಸೂಜಿಯಿಂದ ಕಾಲು ಇಂಚು ದೂರವಿರಬೇಕೆಂಬ ನಿಯಮವಿಲ್ಲ. ಯಂತ್ರದಿಂದ ಯಂತ್ರಕ್ಕೆ, ಪಾದದಿಂದ ಪಾದಕ್ಕೆ ಇದು ಬೇರೆಯಾಗುತ್ತದೆ. ಆ ಊರಿನ ಐದು ಜನರೂ ಪಾದದ ಅಂಚನ್ನೇ ನಂಬಿದ್ದರು. ಅದು 5/16 ಇಂಚು ದೂರವಿತ್ತು. ಆ ತಾಯಿಯ ಬಳಿ ಯಂತ್ರವಿರಲಿಲ್ಲ. ಅವರು ಬಟ್ಟೆಯ ಹಿಂಬದಿಗೆ ಕಾಲು ಇಂಚಿಗೆ ಪೆನ್ಸಿಲ್ ಗೆರೆ ಎಳೆದು, ಗೆರೆಯ ಮೇಲೆ ಕೈಯಲ್ಲಿ ಹೊಲಿದಿದ್ದರು.

ಯಂತ್ರವುಳ್ಳವರು ಹೀಗೆ ಮಾಡಬಹುದು. ಒಂದು ದಪ್ಪ ಕಾಗದದ ನೇರ ಅಂಚಿನಿಂದ ಸರಿಯಾಗಿ ಕಾಲು ಇಂಚಿಗೆ ಒಂದು ಗೆರೆ ಎಳೆಯಿರಿ. ಕಾಗದದ ಆ ಅಂಚು ಬಲಕ್ಕೆ ಬರುವಂತೆ ಪಾದದ ಕೆಳಗೆ ಇಟ್ಟು, ಕೈಚಕ್ರವನ್ನು ತಿರುಗಿಸಿ ಸೂಜಿಯನ್ನು ಆ ಗೆರೆಯ ಮೇಲೆಯೇ ಇಳಿಸಿ. ಕಾಗದ ನೇರವಾಗಿದೆಯೇ ಎಂದು ನೋಡಿ ಪಾದವನ್ನು ಇಳಿಸಿ. ಈಗ ಕಾಗದದ ಬಲ ಅಂಚಿಗೆ ತಾಗಿಸಿ ಯಂತ್ರದ ಮೇಲೆ ಅಂಟುಪಟ್ಟಿ ಅಂಟಿಸಿ. ನಾಲ್ಕೈದು ಪದರ ಹಾಕಿದರೆ ಸಣ್ಣ ಬದುವಿನಂತಾಗಿ ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡು ಸಾಗುತ್ತದೆ. ಅಂಟುಪಟ್ಟಿಯು ಬಟ್ಟೆಯನ್ನು ಎಳೆಯುವ ಹಲ್ಲುಗಳ ಮೇಲೆ ಬರಬಾರದು. ಇನ್ನು ಮುಂದೆ ಕಣ್ಣು ಸೂಜಿಯ ಮೇಲಲ್ಲ, ಈ ಬದುವಿನ ಮೇಲಿರಬೇಕು.

ಮೂರು ಪಟ್ಟಿಯ ಪರೀಕ್ಷೆ

ಬೀಜವನ್ನು ಬಿತ್ತುವ ಮೊದಲು ಮೊಳಕೆ ಪರೀಕ್ಷೆ ಮಾಡುತ್ತೇವಲ್ಲವೇ? ಹೊಲಿಗೆಗೂ ಅಂತಹ ಪರೀಕ್ಷೆಯೊಂದಿದೆ. ಇದಕ್ಕೆ ಹತ್ತು ನಿಮಿಷ ಸಾಕು.

ಕೌದಿಗೆ ಬಳಸುವ ಬಟ್ಟೆಯಲ್ಲೇ 1½ ಇಂಚು ಅಗಲ, 6 ಇಂಚು ಉದ್ದದ ಮೂರು ಪಟ್ಟಿಗಳನ್ನು ಕತ್ತರಿಸಿ. ಉದ್ದಕ್ಕೆ ಒಂದರ ಪಕ್ಕದಲ್ಲಿ ಒಂದು ಬರುವಂತೆ ಹೊಲಿಯಿರಿ. ಇಸ್ತ್ರಿ ಮಾಡಿ ಅಳೆಯಿರಿ. ಒಟ್ಟು ಅಗಲ 3½ ಇಂಚು ಇರಬೇಕು, ನಡುವಿನ ಪಟ್ಟಿ ಸರಿಯಾಗಿ 1 ಇಂಚು ಕಾಣಬೇಕು. ಕಡಿಮೆ ಬಂದರೆ ಹೊಲಿಗೆಯಂಚು ಹೆಚ್ಚಾಗಿದೆ. ಹೆಚ್ಚು ಬಂದರೆ ಹೊಲಿಗೆಯಂಚು ಕಡಿಮೆಯಾಗಿದೆ.

ಅಂಟುಪಟ್ಟಿಯನ್ನು ಎಷ್ಟು ಸರಿಸಬೇಕು? ಒಟ್ಟು ಅಗಲದ ಕೊರತೆಯನ್ನು 4ರಿಂದ ಭಾಗಿಸಿ. ಎರಡು ಹೊಲಿಗೆ, ಪ್ರತಿ ಹೊಲಿಗೆಗೂ ಎರಡು ಕಡೆ, ಆದುದರಿಂದ 4. ಅಗಲ 3¼ ಇಂಚು ಬಂದಿದ್ದರೆ ಕೊರತೆ ಕಾಲು ಇಂಚು. ಅಂಟುಪಟ್ಟಿಯನ್ನು 1/16 ಇಂಚು ಸೂಜಿಯ ಹತ್ತಿರಕ್ಕೆ ಸರಿಸಬೇಕು. ಅಗಲ ಹೆಚ್ಚಾಗಿದ್ದರೆ ಅದೇ ಲೆಕ್ಕದಲ್ಲಿ ದೂರಕ್ಕೆ ಸರಿಸಬೇಕು.

ಸರಿಯಾಗಿ ಕಾಲು ಇಂಚಿಗೆ ಅಂಟಿಸಿದ್ದರೂ ಅಗಲ ತುಸು ಕಡಿಮೆ ಬರುವುದುಂಟು. ಗಾಬರಿಯಾಗಬೇಡಿ. ಹೊಲಿದ ಮೇಲೆ ಬಟ್ಟೆಯು ದಾರದ ಮೇಲೆ ಮಡಿಚಿಕೊಳ್ಳುತ್ತದೆ. ಆ ಮಡಿಕೆಗೆ ಒಂದೆರಡು ಎಳೆಯಷ್ಟು ಬಟ್ಟೆ ಖರ್ಚಾಗುತ್ತದೆ. ಆದುದರಿಂದ ಕಾಲು ಇಂಚಿಗೆ ಒಂದೆರಡು ಎಳೆ ಕಡಿಮೆಯಾಗಿಯೇ ಹೊಲಿಯಬೇಕು. ಬಟ್ಟೆ ದಪ್ಪವಾದಷ್ಟೂ, ದಾರ ದಪ್ಪವಾದಷ್ಟೂ ಈ ಖರ್ಚು ಹೆಚ್ಚು. ನಮಗೆ ಮುಖ್ಯವಾದುದು ಹೊಲಿಗೆಯಂಚಿನ ಅಳತೆಗಿಂತ, ಹೊಲಿದ ಮೇಲೆ ಉಳಿಯುವ ತುಂಡಿನ ಅಳತೆ.

ಹೊಲಿಯುವಾಗ, ಇಸ್ತ್ರಿ ಮಾಡುವಾಗ

ಇಂಚಿಗೆ 10ರಿಂದ 12 ಹೊಲಿಗೆ ಬೀಳುವಂತೆ ಯಂತ್ರವನ್ನು ಹೊಂದಿಸಿಕೊಳ್ಳಿ. ಬಟ್ಟೆಯನ್ನು ಹಿಂದಿನಿಂದ ಎಳೆಯಬೇಡಿ, ಮುಂದಿನಿಂದ ನೂಕಬೇಡಿ. ಹಲ್ಲುಗಳು ತಾವೇ ಸಾಗಿಸುತ್ತವೆ. ಗುಂಡುಪಿನ್ನುಗಳನ್ನು ಹೊಲಿಗೆಗೆ ಅಡ್ಡಲಾಗಿ ಚುಚ್ಚಿ, ಸೂಜಿ ಸಮೀಪಿಸುವ ಮೊದಲೇ ತೆಗೆಯಿರಿ. ಬಹುಪಾಲು ತಪ್ಪು ಕೊನೆಯ ಅರ್ಧ ಇಂಚಿನಲ್ಲಿ ಆಗುತ್ತದೆ. ಹೊಲಿಗೆ ಮುಗಿಯಿತೆಂದು ಕೈ ಸಡಿಲವಾದಾಗ ಬಟ್ಟೆ ಓರೆಯಾಗುತ್ತದೆ. ಕೊನೆಯವರೆಗೂ ಅಂಚು ಬದುವಿಗೆ ತಾಗಿರಲಿ.

ಪ್ರತಿ ಹೊಲಿಗೆಯ ನಂತರ ಇಸ್ತ್ರಿ ಮಾಡಬೇಕು. ಮೊದಲು ಹೊಲಿದಂತೆಯೇ ಮುಚ್ಚಿಟ್ಟು ಒತ್ತಿ, ಬಳಿಕ ಬಿಡಿಸಿ, ಎರಡೂ ಅಂಚುಗಳನ್ನು ಗಾಢ ಬಣ್ಣದ ಬಟ್ಟೆಯ ಕಡೆಗೆ ಮಲಗಿಸಿ ಒತ್ತಿ. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಎತ್ತಿ ಇಡಬೇಕೇ ಹೊರತು ಎಳೆದಾಡಬಾರದು. ಎಳೆದರೆ ಬಟ್ಟೆ ಹಿಗ್ಗುತ್ತದೆ. ಹೊಲಿಗೆಯ ಪಕ್ಕದಲ್ಲಿ ಸಣ್ಣ ನೆರಿಗೆ ಉಳಿದರೆ ಅದೂ ಅಳತೆಯನ್ನು ತಿನ್ನುತ್ತದೆ. ಒಂಬತ್ತು ತುಂಡಿನ ಚೌಕದಲ್ಲಿ ಮೊದಲ ಮತ್ತು ಮೂರನೆಯ ಸಾಲಿನ ಅಂಚುಗಳನ್ನು ಒಂದು ಕಡೆಗೂ ಎರಡನೆಯ ಸಾಲಿನವನ್ನು ವಿರುದ್ಧ ಕಡೆಗೂ ಮಲಗಿಸಿ. ಸಾಲುಗಳನ್ನು ಕೂಡಿಸುವಾಗ ಅವು ಒಂದಕ್ಕೊಂದು ಆನಿಕೊಂಡು ಮೂಲೆಗಳು ಸರಿಯಾಗಿ ಕೂಡುತ್ತವೆ.

ಚೌಕ ಮುಗಿದ ಮೇಲೆ ನಾಲ್ಕೂ ಬದಿಗಳನ್ನೂ ಎರಡೂ ಕರ್ಣಗಳನ್ನೂ ಅಳೆಯಿರಿ. ಬದಿಗಳು ಸಮವಿದ್ದು ಕರ್ಣಗಳು ಬೇರೆಯಾದರೆ ಚೌಕ ಓರೆಯಾಗಿದೆ. ಪ್ರಯೋಗದ ತಾಕು ಹಾಕುವಾಗ ನಾವು ಹೊಲದಲ್ಲಿ ಮಾಡುವ ಪರೀಕ್ಷೆಯೇ ಇದು.

ತಪ್ಪಿದ ಚೌಕವನ್ನು ಏನು ಮಾಡಬೇಕು?

ಚಿಕ್ಕದಾದ ಚೌಕವನ್ನು ಜಗ್ಗಿ ದೊಡ್ಡದರೊಡನೆ ಹೊಲಿಯಬೇಡಿ. ಅಂದು ಕೂಡಿದಂತೆ ಕಂಡರೂ ಒಗೆದಾಗ ಉಬ್ಬುತ್ತದೆ. ಎಲ್ಲವನ್ನೂ ಚಿಕ್ಕ ಚೌಕದ ಅಳತೆಗೆ ಕತ್ತರಿಸುವುದು ಸಾದಾ ತುಂಡುಗಳ ಚೌಕದಲ್ಲಿ ನಡೆಯಬಹುದು. ಆದರೆ ಅಂಚಿನ ತುಂಡುಗಳು ಒಳಗಿನವುಗಳಿಗಿಂತ ಸಣ್ಣವಾಗಿ ಕಾಣುತ್ತವೆ. ತ್ರಿಕೋನಗಳಿರುವ ಚೌಕದಲ್ಲಿ ಹಾಗೆ ಮಾಡಲೇಬಾರದು. ತ್ರಿಕೋನದ ತುದಿಗೂ ಬಟ್ಟೆಯ ಅಂಚಿಗೂ ನಡುವೆ ಕಾಲು ಇಂಚು ಉಳಿಯದಿದ್ದರೆ ಜೋಡಿಸುವಾಗ ತುದಿ ಹೊಲಿಗೆಯೊಳಗೆ ಹೋಗಿ ಮೊಂಡಾಗುತ್ತದೆ. ಮೊದಲು ತುಂಡಿನ ಅಳತೆ, ನಂತರ ಹೊಲಿಗೆಯಂಚು, ಕೊನೆಗೆ ಇಸ್ತ್ರಿ, ಈ ಕ್ರಮದಲ್ಲಿ ಕಾರಣ ಹುಡುಕಿ ಬಿಚ್ಚಿ ಹೊಲಿಯುವುದೇ ಸರಿಯಾದ ದಾರಿ. ಒಂದು ಚೌಕ ಮುಗಿದಾಗಲೇ ಅಳೆದರೆ ಬಿಚ್ಚುವುದು ನಾಲ್ಕೈದು ಅಡಿ; 20 ಮುಗಿದ ಮೇಲೆ ಅಳೆದರೆ 76 ಅಡಿ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು

ಸಂಘಗಳಿಗೆ ಯಂತ್ರ ಕೊಡಿಸುವುದು, ಸಾಲ ಕೊಡಿಸುವುದು, ಮಾರಾಟದ ವ್ಯವಸ್ಥೆ ಮಾಡುವುದು ಇವೆಲ್ಲ ಅಗತ್ಯ. ಅದರೊಡನೆ ಒಂದು ಉಕ್ಕಿನ ಅಳತೆಪಟ್ಟಿಯನ್ನೂ ಒಯ್ಯಿರಿ. ಬೇಡಿಕೆ ಬಂದಾಗ ಪ್ರತಿಯೊಬ್ಬರಿಂದಲೂ ಮೂರು ಪಟ್ಟಿಯ ಪರೀಕ್ಷೆ ಮಾಡಿಸಿ, ಆ ತುಂಡಿನ ಮೇಲೆ ಹೊಲಿದವರ ಹೆಸರು ಬರೆಸಿ ಇಡಿ. ಬಟ್ಟೆಯನ್ನು ಒಂದೇ ಕಡೆ, ಒಂದೇ ಮಾದರಿಯಿಂದ ಕತ್ತರಿಸಿ ಹಂಚಿ. ಪ್ರತಿಯೊಬ್ಬರೂ ಮೊದಲ ಚೌಕವನ್ನು ತಂದು ಅಳೆಸಿದ ಮೇಲೆಯೇ ಎರಡನೆಯದನ್ನು ಆರಂಭಿಸಲಿ. ಯಂತ್ರ ದುರಸ್ತಿಯಾದಾಗ, ಪಾದ ಬದಲಾದಾಗ, ಬಟ್ಟೆಯ ಜಾತಿ ಬದಲಾದಾಗ ಪರೀಕ್ಷೆಯನ್ನು ಮತ್ತೆ ಮಾಡಿಸಿ.

ಇದರಲ್ಲಿ ಇನ್ನೊಂದು ಲಾಭವಿದೆ. ಅಳತೆ ಇಲ್ಲದ ಕಡೆ ತಪ್ಪು ಯಾರದೆಂದು ಧ್ವನಿ ದೊಡ್ಡದಿರುವವರು ತೀರ್ಮಾನಿಸುತ್ತಾರೆ. ಬಡವರು, ವಯಸ್ಸಾದವರು, ಹೊಸದಾಗಿ ಸೇರಿದವರು ಮಾತು ಕೇಳಿ ಸುಮ್ಮನಾಗುತ್ತಾರೆ. ಅಳತೆಪಟ್ಟಿ ಎದುರಿಗಿದ್ದರೆ ಯಾರೂ ಯಾರನ್ನೂ ದೂರಬೇಕಾಗಿಲ್ಲ.

ಈ ವರ್ಷ ಆ ಊರಿಗೆ ಮತ್ತೆ ಹೋಗಿದ್ದೆ. ಸಂಘದ ಕೋಣೆಯ ಗೋಡೆಗೆ ಮೂರು ಪಟ್ಟಿಯ ಆರು ತುಂಡುಗಳನ್ನು ಮೊಳೆ ಹೊಡೆದು ತೂಗುಹಾಕಿದ್ದಾರೆ. ಚೌಕ ಅಳೆದು ಒಪ್ಪಿಗೆ ಕೊಡುವ ಕೆಲಸವನ್ನು ಆ ವಯಸ್ಸಾದ ತಾಯಿಗೇ ವಹಿಸಿದ್ದಾರೆ. ನಾನು ಹೋದಾಗ ಅವರು ಸಂಘದ ಅಧ್ಯಕ್ಷರ ಚೌಕವನ್ನೇ ಹಿಂದಕ್ಕೆ ಕೊಟ್ಟು, “ಇದೊಂದು ಹೊಲಿಗಿ ಬಿಚ್ಚವಾ, ಒಂದ ಸಾಸಿವಿ ಒಳಗ ಹೋಗೇತಿ” ಎನ್ನುತ್ತಿದ್ದರು. ಅಧ್ಯಕ್ಷರು ಮರುಮಾತಾಡದೆ ಬಿಚ್ಚಲು ಕುಳಿತರು.

ತಮ್ಮ ತಮ್ಮ ಊರಿಗೆ ಹೋದ ಮೇಲೆ ತಾವೂ ಮೂರು ಪಟ್ಟಿ ಹೊಲಿದು ಅಳೆದು ನೋಡಬೇಕೆಂದು ಕೋರಿ ನನ್ನ ಮಾತನ್ನು ಮುಗಿಸುತ್ತೇನೆ.